ಎಣ್ಣೆಯ ಲೆಕ್ಕ

ಮನೆಯಲ್ಲಿ ಎಣ್ಣೆ ಕಡಮೆ ಖರ್ಚಾಯಿತೆಂದರೆ ಸಂತೋಷಪಡುವುದು ಗೃಹಸ್ಥರ ಸ್ವಭಾವ. ವಾಹನಕ್ಕೂ ಅದೇ ಮಾತು. ಕಾರು ಕೊಂಡವನು ನಾಲ್ಕು ಜನರ ಮುಂದೆ, "ಆರು ತಿಂಗಳಾಯಿತು ಸ್ವಾಮಿ, ತೊಟ್ಟು ಎಣ್ಣೆ ಕುಡಿದಿಲ್ಲ" ಎಂದು ಹೇಳಿಕೊಂಡರೆ ಕೇಳಿದವರು ತಲೆದೂಗುತ್ತಾರೆ. ಆದುದರಿಂದ 2019ರ ಜುಲೈ ತಿಂಗಳ ಒಂದು ಶನಿವಾರ ಸಂಜೆ ನನ್ನ ಮಗ ಆಸ್ಟ್ರೇಲಿಯದಿಂದ ಫೋನು ಮಾಡಿ, "ಅಪ್ಪ, ಕಾರಿನಲ್ಲಿ ಎಣ್ಣೆ ಇಳಿದೇ ಇಲ್ಲ" ಎಂದು ಗಾಬರಿಯಿಂದ ಹೇಳಿದಾಗ, ಇದರಲ್ಲಿ ಗಾಬರಿಗೆ ಏನಿದೆಯೆಂದು ನನಗೆ ಅರ್ಥವಾಗಲಿಲ್ಲ.

ಆ ಕಾರಿನ ವಿಷಯ ಸ್ವಲ್ಪ ಹೇಳಬೇಕು. ಅದು 1984ರದು, ಇಬ್ಬರು ಮಾತ್ರ ಕೂರುವಂಥದು. ಮೂವತ್ತೈದು ವರ್ಷ ದುಡಿದ ಯಂತ್ರದ ಮೇಲೆ ದೂರು ಹೇಳುವುದು ನ್ಯಾಯವಲ್ಲ. ಮಾಡಿದವರ ಹೆಸರು ಇಲ್ಲಿ ಬೇಡ. ನಲವತ್ತು ದಾಟಿದ ಸಂಸಾರವಂದಿಗ, ಹೆಂಡತಿ ಮಗಳನ್ನು ಒಟ್ಟಿಗೆ ಕೂರಿಸಿಕೊಂಡು ಹೋಗಲಾಗದ ಹಳೆಯ ಕಾರಿಗೆ ಉಳಿತಾಯದ ಹಣ ಸುರಿದನೆಂದು ನಾನು ಅವನನ್ನು ಒರಟಾಗಿಯೇ ಅಂದಿದ್ದೆ. ಅವನು ಎದುರಾಡಲಿಲ್ಲ. ಅಂದಿನಿಂದ ಭಾನುವಾರದ ನಮ್ಮ ಮಾತು ಅಲ್ಲಿಯ ಚಳಿ, ಇಲ್ಲಿಯ ಮಳೆ, ಮೊಮ್ಮಗಳ ಶಾಲೆ, ಇಷ್ಟಕ್ಕೇ ನಿಂತಿತು. ಎರಡು ವರ್ಷದ ಮೇಲೆ ಆ ಕಾರಿನ ಹೆಸರೆತ್ತಿದ್ದು ಅವತ್ತೇ.

ಅದರ ಎಂಜಿನ್ನು ಎಲ್ಲರ ಕಾರಿನ ಹಾಗಲ್ಲ. ಫೆಲಿಕ್ಸ್ ವಾಂಕೆಲ್ ಎಂಬ ಜರ್ಮನ್ ಮಹಾಶಯರ ಬುದ್ಧಿಯಿಂದ ಹುಟ್ಟಿ, 1957ರಲ್ಲಿ ಎನ್‌ಎಸ್‌ಯು ಕಾರ್ಖಾನೆಯಲ್ಲಿ ಮೊದಲು ತಿರುಗಿದ ರೋಟರಿ ಎಂಜಿನ್ನು. ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ನು ಒನಕೆಯ ಹಾಗೆ ಮೇಲೆ ಕೆಳಗೆ ಹೋಗುತ್ತದೆ. ಇದರಲ್ಲಿ ರುಬ್ಬುವ ಗುಂಡಿನ ಹಾಗೆ ಸುತ್ತುತ್ತದೆ. ಗುಂಡು ಮಾತ್ರ ಮೂರು ಮೂಲೆಯದು. ಅದರ ಒರಳು, ನಡುವೆ ತುಸು ಹಿಸುಕಿದ ಕಡಲೆಕಾಯಿಯ ಆಕಾರದ್ದು. ಮೂರು ಮೂಲೆಗಳಲ್ಲಿಯೂ ಒಂದೊಂದು ಸಣ್ಣ ಪಟ್ಟಿಯಿದೆ. ಈ ಪಟ್ಟಿಗಳು ಗೋಡೆಗೆ ಸದಾ ಒತ್ತಿಕೊಂಡು ಜಾರುತ್ತ, ಒಂದು ಕೋಣೆಯ ಅನಿಲ ಪಕ್ಕದ ಕೋಣೆಗೆ ನುಸುಳದಂತೆ ಕಾಯುತ್ತವೆ. ಅವು ಒಣಗಿದರೆ ಗೋಡೆಯನ್ನು ಕೆರೆಯುತ್ತವೆ, ತಾವೂ ಸವೆಯುತ್ತವೆ, ಒತ್ತಡ ನಿಲ್ಲುವುದಿಲ್ಲ, ಕೊನೆಗೆ ಎಂಜಿನ್ನನ್ನೇ ಬಿಚ್ಚಬೇಕು. ಅದಕ್ಕಾಗುವ ಹಣದಲ್ಲಿ ಇನ್ನೊಂದು ಹಳೆಯ ಕಾರು ಬರುತ್ತದೆಂದು ಮಗ ಆಮೇಲೆ ಹೇಳಿದ.

ಹೀಗೆ ಒಣಗದಿರಲೆಂದು ಒಂದು ಪುಟ್ಟ ಪಂಪು ಎಂಜಿನ್ನಿನ ಕೆಳಗಿರುವ ಎಣ್ಣೆಯಿಂದಲೇ ಚೂರುಚೂರು ಎತ್ತಿ, ಎರಡು ಸಣ್ಣ ನಳಿಗೆಗಳ ಮೂಲಕ ಕಾರ್ಬುರೇಟರಿಗೆ ಬಿಡುತ್ತದೆ. ವೇಗ ಹೆಚ್ಚಿಸಿದಂತೆ ಎಣ್ಣೆಯೂ ಹೆಚ್ಚು. ಅದು ಪೆಟ್ರೋಲಿನ ಜೊತೆ ಒಳಗೆ ಹೋಗಿ, ಪಟ್ಟಿಗಳನ್ನು ಒದ್ದೆ ಮಾಡಿ, ಉರಿದುಹೋಗುತ್ತದೆ. ಎಂದಮೇಲೆ ಈ ಎಂಜಿನ್ನಿನಲ್ಲಿ ಎಣ್ಣೆ ಇಳಿಯಲೇಬೇಕು. ಎಣ್ಣೆ ಬದಲಿಸಿ ಮೂರು ಸಾವಿರ ಕಿಲೋಮೀಟರು ಓಡಿದ ಮೇಲೂ ಅಳತೆಯ ಕಡ್ಡಿಯಲ್ಲಿ ಗೆರೆ ಇದ್ದಲ್ಲಿಯೇ ಇದ್ದರೆ, ಪಂಪು ಕೈಕೊಟ್ಟಿತೆಂದೇ ಅರ್ಥ. ಅವನ ಕಾರಿನಲ್ಲಿ ಇದಕ್ಕೆ ಕೆಂಪು ದೀಪವೇನೂ ಉರಿಯುವುದಿಲ್ಲ. ಮೌನವಾಗಿಯೇ ಒಣಗುತ್ತದೆ.

ಇದು ಅವನಿಗೆ ತಿಳಿದದ್ದು ಮಿಲ್ಡೂರ ಎಂಬ ಊರಿನಲ್ಲಿ. ಅವನ ಮನೆಯಿರುವ ಅಡಿಲೇಡಿಗೆ ಅಲ್ಲಿಂದ ಸುಮಾರು ನಾನೂರು ಕಿಲೋಮೀಟರು. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗಬೇಕು. ನಾಳೆ ಭಾನುವಾರ, ಗರಾಜುಗಳು ತೆಗೆಯುವುದಿಲ್ಲ.

"ಪೆಟ್ರೋಲಿಗೇ ಎಣ್ಣೆ ಬೆರೆಸಿಕೊಂಡು ಹೋಗಬಹುದಂತೆ ಅಪ್ಪ. ನೀವು ನಿಮ್ಮ ಜಾವಾಗೆ ಬೆರೆಸ್ತಿದ್ರಲ್ಲ, ಎಷ್ಟು ಹಾಕ್ತಿದ್ರಿ?"

ಅವನು ನನ್ನನ್ನು ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಹಿಂದುಮುಂದು ನೋಡದೆ, "ಲೀಟರಿಗೆ ನಲವತ್ತು ಮಿಲಿ ಕಣೋ" ಎಂದುಬಿಟ್ಟೆ.

ಆ ಲೆಕ್ಕ ನನ್ನ ಕೈಬೆರಳಿನಲ್ಲಿತ್ತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್ ಸೈಕಲ್ಲು ಮಾಡತೊಡಗಿ 1996ರಲ್ಲಿ ಮುಚ್ಚಿತು. ಅಲ್ಲಿಯ ಒಂದು ಗಾಡಿಯನ್ನು ಎರಡನೆಯ ಕೈಯಲ್ಲಿ ಕೊಂಡು, 1974ರಲ್ಲಿ ಕೆಲಸ ಸಿಕ್ಕಿದಾಗ ರೈಲಿಗೆ ಹಾಕಿಸಿ ಪುಣೆಗೆ ತಂದೆ. ಟೂ-ಸ್ಟ್ರೋಕ್ ಗಾಡಿ, ಪ್ರತಿ ಸಲವೂ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಮಗ ಹುಟ್ಟಿದ ಮೇಲೆ ಅವನ ಹಾಲಿನ ಬಾಟಲಿಯ ಗೆರೆಗಳು ಬಹಳ ಸ್ಪಷ್ಟವಾಗಿವೆಯೆಂದು ಕಂಡು, ಒಂದನ್ನು ಎಣ್ಣೆಯ ಅಳತೆಗೆ ಎತ್ತಿಟ್ಟುಕೊಂಡೆ. ನನ್ನಾಕೆ ಮೂರು ದಿನ ಮಾತು ಬಿಟ್ಟಿದ್ದಳು.

ಒಂದೇ ಒಂದು ಸಲ ಮರೆತೆ. 1979ರಲ್ಲಿ ಕೊಲ್ಹಾಪುರದ ಮಹಾಲಕ್ಷ್ಮಿಯ ದರ್ಶನಕ್ಕೆಂದು ಹೊರಟಿದ್ದೆವು; ಹಿಂದೆ ಅವಳು, ಮುಂದೆ ಟ್ಯಾಂಕಿನ ಮೇಲೆ ಎರಡು ವರ್ಷದ ಮಗ. ಶಿರವಳದಲ್ಲಿ ಪೆಟ್ರೋಲು ತುಂಬಿಸುವಾಗ ಮಗು ಅತ್ತಿತು; ಅದನ್ನು ಸಮಾಧಾನಪಡಿಸುವ ಗಲಾಟೆಯಲ್ಲಿ ಎಣ್ಣೆ ಹಾಕಿಸಲಿಲ್ಲ. ಖಂಬಾಟಕಿ ಘಾಟು ಏರುತ್ತಿದ್ದಂತೆ ಎಂಜಿನ್ನು ಕಚ್ಚಿಕೊಂಡು ಹಿಂದಿನ ಗಾಲಿ ನಿಂತುಹೋಯಿತು. ಕ್ಲಚ್ಚು ಹಿಡಿದದ್ದರಿಂದ ಬೀಳಲಿಲ್ಲ. ಹಿಂದೆ ಬರುತ್ತಿದ್ದ ಲಾರಿಯವನು ಪಕ್ಕಕ್ಕೆ ತಿರುಗಿಸಿಕೊಂಡು ಬೈದು ಹೋದ. ಅವನು ಬೈದದ್ದು ನನಗೆ ಹಾಡಿನಂತೆ ಕೇಳಿತು. ಎಂಜಿನ್ನು ಆರುವವರೆಗೆ ರಸ್ತೆಯ ಬದಿಯಲ್ಲಿ ಕುಳಿತಿದ್ದು, ಆಮೇಲೆ ಚೀಲದಲ್ಲಿದ್ದ ಎಣ್ಣೆ ಬೆರೆಸಿ, ಮೆಲ್ಲಗೆ ಹಿಂದಕ್ಕೆ ಬಂದೆವು. ಈ ಕಥೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದೇವೆಂದರೆ, ಮಗ ಅದು ತನಗೇ ನೆನಪಿದೆಯೆಂದು ವಾದಿಸುತ್ತಾನೆ.

ಅವತ್ತು ರಾತ್ರಿ ಊಟವಾಗಿ ಮಲಗಿದೆ. ಮೂರು ಗಂಟೆಗೆ ಎಚ್ಚರವಾಯಿತು. ಐವತ್ತು ಲೀಟರಿಗೆ ನಲವತ್ತರಂತೆ ಎಂದರೆ ಎರಡು ಲೀಟರು ಎಣ್ಣೆ! ಎದ್ದು ದೀಪ ಹಾಕಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಎಂಜಿನ್ನುಗಳನ್ನೂ ಬರೆದು ನೋಡಿದೆ. ಜಾವಾದಲ್ಲಿ ಎಣ್ಣೆಗೆ ಬೇರೆ ಮನೆಯೇ ಇಲ್ಲ. ಪೆಟ್ರೋಲು ಕ್ರ್ಯಾಂಕಿನ ಕೋಣೆಯನ್ನು ಹಾದೇ ಮೇಲಕ್ಕೆ ಹೋಗುವುದರಿಂದ ಬೇರಿಂಗು, ಪಿಸ್ಟನ್ನು, ಉಂಗುರ ಎಲ್ಲವೂ ಆ ಬೆರಕೆಯ ಎಣ್ಣೆಯನ್ನೇ ನೆಚ್ಚಿ ಬದುಕಬೇಕು. ರೋಟರಿಯಲ್ಲಿ ಹಾಗಲ್ಲ. ಅದಕ್ಕೆ ಕೆಳಗೆ ತುಂಬಿದ ಎಣ್ಣೆಯಿದೆ, ಅದನ್ನು ಒತ್ತಿ ಬೇರಿಂಗುಗಳಿಗೆ ಕಳುಹಿಸುವ ದೊಡ್ಡ ಪಂಪು ಬೇರೆಯೇ ಇದೆ. ಕೆಟ್ಟದ್ದು ಸಣ್ಣ ಪಂಪು. ಹಸಿದಿರುವುದು ಪಟ್ಟಿಗಳು ಮಾತ್ರ. ಮನೆಮಂದಿಗೆಲ್ಲ ಬಡಿಸುವಷ್ಟನ್ನು ಒಂದು ಕೂಸಿನ ಬಾಯಿಗೆ ಸುರಿಯಲು ಹೇಳಿದ್ದೆ! ಅಷ್ಟು ಹಾಕಿದರೆ ಹೊಗೆ ಕವಿದು, ಪ್ಲಗ್ಗುಗಳಿಗೆ ಮಸಿ ಹಿಡಿದು, ಕಾರು ನಡುದಾರಿಯಲ್ಲಿ ನಿಲ್ಲುವುದು ಖಂಡಿತ. ಹೆಚ್ಚಾದರೂ ಕೇಡೇ ಎಂಬುದು ನಮಗೆ ಹೊಸದಲ್ಲ. ದಿಲ್ಲಿಯಲ್ಲಿರುವ ನಮ್ಮವರಿಗೆ ನೆನಪಿರಬಹುದು: ಪೆಟ್ರೋಲ್ ಬಂಕುಗಳಲ್ಲಿ ಈ ಎಣ್ಣೆಯನ್ನು ಬಿಡಿಯಾಗಿ ಮಾರಕೂಡದೆಂದು 1998ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತ್ತು.

ಮಿಲ್ಡೂರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಮೂರೂವರೆಗೆ, ಅಂದರೆ ಅವನ ಎಂಟು ಗಂಟೆಗೆ, ಫೋನು ಮಾಡಿದೆ.

"ಮಗು, ಎಣ್ಣೆ ಹಾಕಿಬಿಟ್ಟೆಯಾ?"

"ಇಲ್ಲ ಅಪ್ಪ, ಅಂಗಡಿ ಇನ್ನೂ ತೆಗೆದಿಲ್ಲ."

"ನಾನು ಹೇಳಿದ ಲೆಕ್ಕ ತಪ್ಪು ಕಣೋ."

ಸ್ವಲ್ಪ ಹೊತ್ತು ಅತ್ತಲಿಂದ ಮಾತಿಲ್ಲ. ಆಮೇಲೆ, "ಲೀಟರಿಗೆ ಎಂಟು ಮಿಲಿ ಸಾಕು ಅಂತ ಇಲ್ಲಿಯವರು ನೆನ್ನೆಯೇ ಹೇಳಿದ್ರು" ಎಂದ.

"ಮತ್ತೆ ನನ್ನನ್ನು ಯಾಕೆ ಕೇಳಿದೆ?"

"ಎಂಟು ಬಹಳ ಕಡಮೆ ಅನ್ನಿಸ್ತು. ಘಾಟಿನ ಕಥೆ ನೆನಪಿಗೆ ಬಂತು. ನೀವು ನಲವತ್ತು ಅಂದ ಮೇಲೆ ರಾತ್ರಿಯೆಲ್ಲ ನಿದ್ದೆಯಿಲ್ಲ. ನಿಮ್ಮ ಮಾತು ಮೀರೋದೋ, ಅವರ ಮಾತು ಮೀರೋದೋ!"

ಕ್ಯಾಲೆಂಡರಿನ ಚಿತ್ರವನ್ನು ಮುಂದಿಟ್ಟುಕೊಂಡು, ಎಂಟು ಏಕೆ ಸಾಕೆಂಬುದನ್ನು ಅವನಿಗೆ ಮೊದಲಿನಿಂದ ಬಿಡಿಸಿ ಹೇಳಿದೆ. ನಡುನಡುವೆ ಅವನು ಪ್ರಶ್ನೆ ಕೇಳಿದ. ಒಂದೆರಡು ಕಡೆ ನನ್ನನ್ನೇ ತಿದ್ದಿದ. ಟ್ಯಾಂಕಿನಲ್ಲಿ ಇಪ್ಪತ್ತು ಲೀಟರು ಉಳಿದಿದೆ, ಮೂವತ್ತು ತುಂಬಿಸುತ್ತೇನೆಂದ. ಹಾಗಾದರೆ ಒಟ್ಟು ಐವತ್ತಕ್ಕೆ ನಾನೂರು ಮಿಲಿ. ಎಣ್ಣೆ ಮೊದಲು ಹಾಕು, ಪೆಟ್ರೋಲು ಮೇಲೆ ಬೀಳಲಿ, ಆ ರಭಸಕ್ಕೆ ತಾನೇ ಬೆರೆಯುತ್ತದೆ. ಕಾರಿನ ಡಬ್ಬದ ಎಣ್ಣೆ ಬೇಡ, ಅದು ಉರಿದರೆ ಬೂದಿ ಬಿಡುತ್ತದೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಮಾರುವ ಟೂ-ಸ್ಟ್ರೋಕ್ ಎಣ್ಣೆ ತೆಗೆದುಕೋ. ನಳಿಗೆಯಲ್ಲಿ ಹಳೆಯ ಪೆಟ್ರೋಲು ನಿಂತಿರುತ್ತದೆ, ಮೊದಲ ಕೆಲವು ಮೈಲಿ ನಿಧಾನವಾಗಿ ಹೋಗು ಎಂದೆ. ಮಾತು ಮುಕ್ಕಾಲು ಗಂಟೆ ನಡೆಯಿತು. ಒಳಗಿನಿಂದ ನನ್ನಾಕೆ, "ಏನೂಂದ್ರೆ, ಈ ಹೊತ್ತಿನಲ್ಲಿ ಯಾರಿಗೆ ಎಣ್ಣೆ ಅಳೀತಿದ್ದೀರಿ?" ಎಂದು ಕೇಳಿದಳು.

ಬೆಳಗ್ಗೆ ಒಂಬತ್ತರ ಹೊತ್ತಿಗೆ ರೆನ್ಮಾರ್ಕ್ ಎಂಬ ಊರಿನಿಂದ ಒಂದು ಚಿತ್ರ ಬಂತು. ಕಾರಿನ ಮುಂಭಾಗದ ಮೇಲೆ ಮಗುವಿನ ಹಾಲಿನ ಬಾಟಲಿ. ಅದರಲ್ಲಿ ನೂರ ಇಪ್ಪತ್ತರ ಗೆರೆಯವರೆಗೆ ಎಣ್ಣೆ. ಹದಿನೈದು ಲೀಟರಿಗೆ ಸರಿಯಾದ ಲೆಕ್ಕ. ನನ್ನಾಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇವನು ಹೊಸದು ಕೊಂಡಿದ್ದಾನೆ, ನಿಮ್ಮ ಹಾಗೆ ಮನೆಯದನ್ನು ಕದ್ದಿಲ್ಲ" ಎಂದಳು.

ಸಾಯಂಕಾಲಕ್ಕೆ ಮುಂಚೆ ಕ್ಷೇಮವಾಗಿ ಮನೆ ಸೇರಿದ. ಪಂಪು ಸಿಕ್ಕಿ ಹಾಕಿಸುವುದಕ್ಕೆ ಎರಡು ತಿಂಗಳಾಯಿತು. ಅಲ್ಲಿಯವರೆಗೆ ಬಾಟಲಿಯಲ್ಲೇ ನಡೆಯಿತು. ಸೆಪ್ಟೆಂಬರಿನ ಕೊನೆಯ ಒಂದು ಭಾನುವಾರ ಫೋನೆತ್ತಿದವನೇ, ಚಳಿಯ ಸುದ್ದಿಯೂ ಇಲ್ಲ, ಶಾಲೆಯ ಸುದ್ದಿಯೂ ಇಲ್ಲ, "ಅಪ್ಪ, ಎಣ್ಣೆ ಇಳಿದಿದೆ!" ಎಂದು ಕೂಗಿದ.