ಎಮ್ಮೆಯ ರಕ್ತ, ಮನುಷ್ಯನ ರಕ್ತ

1976ರ ಮಳೆಗಾಲದಲ್ಲಿ ನಮ್ಮ ಮನೆಯ ಎಮ್ಮೆ ಏಳು ತಿಂಗಳಿಗೇ ಕಂದು ಹಾಕಿತು. ಹುಕ್ಕೇರಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅದೇನೂ ದೊಡ್ಡ ಸುದ್ದಿಯಲ್ಲ. ಆದರೆ ಮಾಸು ಬೀಳಲಿಲ್ಲ. ಎರಡನೇ ದಿನ ಸಂಜೆ ನಮ್ಮ ಕಾಕಾ ಅಂಗಿ ಕಳಚಿಟ್ಟು, ಬಲಗೈಗೆ ಶೇಂಗಾ ಎಣ್ಣೆ ಸವರಿಕೊಂಡು, ಭುಜದ ತನಕ ಒಳಗೆ ಹಾಕಿ, ಅಂಟಿದ್ದನ್ನೆಲ್ಲ ಬೆರಳಿನಿಂದ ಬಿಡಿಸಿ ಬಿಡಿಸಿ ಹೊರಗೆ ತೆಗೆದ. ಕಂದೀಲು ಹಿಡಿದವನು ನಾನು. ಆಮೇಲೆ ಬೂದಿ ಹಚ್ಚಿ ಕೈ ತೊಳೆದು ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ಕಂದನ್ನು ತಿಪ್ಪೆಯಲ್ಲಿ ಹೂಳಿದರು, ರಾತ್ರಿ ನಾಯಿಗಳು ಕೆದರಿದವು.

ದೀಪಾವಳಿ ಹೊತ್ತಿಗೆ ಕಾಕಾನಿಗೆ ಜ್ವರ ಹತ್ತಿತು. ಸಂಜೆ ಏರುವುದು, ನಸುಕಿನಲ್ಲಿ ಬೆವರಿ ಇಳಿಯುವುದು, ಎಂಟು ದಿನ ಬಿಟ್ಟು ಮತ್ತೆ ಅದೇ. ಒಬ್ಬರು ಮಲೇರಿಯಾ ಅಂದರು, ಇನ್ನೊಬ್ಬರು ಟೈಫಾಯಿಡ್ ಅಂದರು, ಮೂರನೆಯವರು ಟಿ.ಬಿ. ಎಂದು ಸ್ಟ್ರೆಪ್ಟೋಮೈಸಿನ್ ಸೂಜಿ ಮಾಡಿದರು. ಸ್ವಲ್ಪ ಇಳಿಯಿತು. ಎಮ್ಮೆ ಕಂದು ಹಾಕುವ ರೋಗದ ಬ್ರುಸೆಲ್ಲಾ ಎಂಬ ಜೀವಾಣುವಿಗೂ ಅದೇ ಸೂಜಿ ನಾಟುತ್ತದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕಾಕಾ ಕೊನೆಯವರೆಗೂ ಸೊಂಟ ಹಿಡಿದುಕೊಂಡೇ ಓಡಾಡಿದ. ಅವನ ರಕ್ತ ಯಾರೂ ಪರೀಕ್ಷೆ ಮಾಡಲಿಲ್ಲ. ಹಾಗಾಗಿ ಅವನಿಗೆ ಬಂದದ್ದು ಅದೇ ಎಂದು ನಾನು ಬರೆಯಲಾರೆ. ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದವನಿಗೆ ಅಷ್ಟಾದರೂ ಶಿಸ್ತು ಬೇಕು.

ಬಿ.ಎಸ್ಸಿ. ಮುಗಿಸಿ ಲ್ಯಾಬ್ ಟೆಕ್ನಿಷಿಯನ್ ತರಬೇತಿ ಪಡೆದಿದ್ದೆ. ಹೊಸ ಉಮೇದು. 1984ರಲ್ಲಿ ಮನೆಯ ಇನ್ನೊಂದು ಎಮ್ಮೆ ಕಂದು ಹಾಕಿದಾಗ, ದನದ ದವಾಖಾನೆಯ ಡಾಕ್ಟರರನ್ನು ಕಾಡಿ ಬೇಡಿ ಅದರ ರಕ್ತ ತೆಗೆಸಿದೆ. ಥರ್ಮಾಸಿಗೆ ಐಸ್‌ಕ್ಯಾಂಡಿ ತುಂಬಿ, ನಡುವೆ ಶೀಶೆ ನಿಲ್ಲಿಸಿ, ಸಂಕೇಶ್ವರದಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಹೆಬ್ಬಾಳದ ಪಶುರೋಗ ಸಂಸ್ಥೆಗೆ ಹೋದೆ. ಅಲ್ಲಿ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದವರು ಏನೂ ಮಾತಾಡದೆ ನನ್ನ ಕೈಗೇ ಕೊಟ್ಟರು. ರಕ್ತ ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ಸೀರಂ ಮಾತ್ರ ಬೇರೆ ಮಾಡಿ ಒಯ್ಯಬೇಕಿತ್ತು. ನಾನು ಇಡೀ ರಕ್ತವನ್ನೇ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಸಿದ್ದೆ. ಕಣಗಳೆಲ್ಲ ಒಡೆದು ಬೀಟ್‌ರೂಟ್ ನೀರಿನಂತಾಗಿತ್ತು. ತಪ್ಪು ನನ್ನದೇ. ಪುಸ್ತಕದಲ್ಲಿ ಓದಿದ್ದೆ, ಥರ್ಮಾಸಿನ ಗಡಿಬಿಡಿಯಲ್ಲಿ ಮರೆತಿದ್ದೆ.

ಹೆಬ್ಬಾಳದ ಆ ಸಂಸ್ಥೆ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂದು ಶುರುವಾದದ್ದು, ದನಗಳ ದೊಡ್ಡರೋಗಕ್ಕೆ ಸೀರಂ ತಯಾರಿಸಲೆಂದು. ಆಗ ನಮ್ಮ ಹುಕ್ಕೇರಿ, ಗೋಕಾಕ ಮುಂಬಯಿ ಪ್ರಾಂತದಲ್ಲಿದ್ದವು, ಹೆಬ್ಬಾಳ ಪರರಾಜ್ಯ. ಆ ದೊಡ್ಡರೋಗ ಈಗ ಭೂಮಿಯ ಮೇಲೇ ಇಲ್ಲ, 2011ರಲ್ಲಿ ಜಗತ್ತು ಅದನ್ನು ಅಳಿಸಿದೆ ಎಂದು ಘೋಷಿಸಿತು. ನಮ್ಮ ಕಡೆ ದನಕ್ಕೆ ಬೈಯುವಾಗ ‘ನಿನಗ ದೊಡ್ಡರೋಗ ಬರಲಿ’ ಅನ್ನುವವರು ಇನ್ನೂ ಇದ್ದಾರೆ. ರೋಗ ಹೋದರೂ ಬೈಗುಳ ಉಳಿಯಿತು.

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಮೈದಾನ ಇದೆಯಲ್ಲ, ಈಗ ಜನ ಮುಂಜಾನೆ ವಾಕಿಂಗ್ ಮಾಡುವ ಜಾಗ. ಅಲ್ಲಿ ಒಂದು ಕಾಲದಲ್ಲಿ ಕರುಗಳ ಚರ್ಮ ಬೋಳಿಸಿ, ಗೀರಿ, ಸಿಡುಬಿನ ಲಸಿಕೆಯ ರಸ ಬೆಳೆಸುತ್ತಿದ್ದರು. ಅದು ಮಕ್ಕಳ ತೋಳಿಗೆ ಹೋಗುತ್ತಿತ್ತು. ದನದ ಡಾಕ್ಟರನೂ ಮನುಷ್ಯರ ಡಾಕ್ಟರನೂ ಒಂದೇ ಕೊಟ್ಟಿಗೆಯಲ್ಲಿ ನಿಲ್ಲದೆ ಆ ಕೆಲಸ ಸಾಗುತ್ತಿರಲಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಅದರ ಮುಂದೆ ಎಷ್ಟು ಸಲ ಸೈಕಲ್ ತುಳಿದಿದ್ದೇನೋ, ಹೆಸರು ಯಾಕೆ ಬಂತೆಂದು ಕೇಳಲೇ ಇಲ್ಲ.

ಬ್ರುಸೆಲ್ಲಾವನ್ನು ನಮ್ಮ ಸೀಮೆಯಲ್ಲಿ ಪಟ್ಟು ಹಿಡಿದು ಹುಡುಕಿದವರಲ್ಲಿ ಡಾ. ಬಿ.ಜಿ. ಮಂಟೂರ ಮುಖ್ಯರು. ಬಿಜಾಪುರದ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿದ್ದವರು, ಮುಂದೆ ಬೆಳಗಾವಿಯ ಸರಕಾರಿ ವೈದ್ಯಕೀಯ ಕಾಲೇಜಿಗೆ ಬಂದರು. 16 ವರ್ಷಗಳಲ್ಲಿ ಪತ್ತೆಯಾದ 495 ದೊಡ್ಡವರ ಲೆಕ್ಕವನ್ನು ಅವರೂ ಸಂಗಡಿಗರೂ 2006ರಲ್ಲಿ ಪ್ರಕಟಿಸಿದರು. ಅದಕ್ಕೂ ಎರಡು ವರ್ಷ ಮೊದಲು 93 ಮಕ್ಕಳದ್ದು. ಇದೇನು ದೊಡ್ಡ ಯಂತ್ರದಿಂದ ಬಂದ ಸಂಶೋಧನೆ ಅಲ್ಲ. ಜ್ವರ ಎಂದು ಬಂದವರ ರಕ್ತದಲ್ಲಿ, ಬೇರೆಯವರು ಕೇಳದ ಒಂದು ಪರೀಕ್ಷೆಯನ್ನು ವರ್ಷಾನುಗಟ್ಟಲೆ ಬಿಡದೆ ಮಾಡಿದ್ದು. ನನ್ನ ಮಟ್ಟಿಗೆ ಸಂಶೋಧನೆ ಅಂದರೆ ಅದೇ.

ಆಗಿನ ಕೆಲಸ ಹೀಗಿತ್ತು. ಕಾಸ್ಟನೇಡಾ ಬಾಟಲಿ ಎಂಬ ಚಪ್ಪಟೆ ಶೀಶೆ. ಒಂದು ಗೋಡೆಗೆ ಅಗಾರ್ ಮೆತ್ತಿರುತ್ತದೆ, ತಳದಲ್ಲಿ ಸಾರು. ರೋಗಿಯ ರಕ್ತ ಸಾರಿಗೆ ಬಿಟ್ಟು ಬೂಚು ಹಾಕಿದರೆ ಮತ್ತೆ ತೆರೆಯುವಂತಿಲ್ಲ, ತೆರೆದರೆ ಲ್ಯಾಬಿನವನಿಗೇ ಜ್ವರ. ಎರಡು ದಿನಕ್ಕೊಮ್ಮೆ ಬಾಟಲಿ ವಾಲಿಸಿ, ಸಾರು ಅಗಾರಿನ ಮೇಲೆ ಹರಿದಾಡುವಂತೆ ಮಾಡಿ, ಮತ್ತೆ ನೆಟ್ಟಗೆ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ನಾಲ್ಕು ವಾರ, ಒಮ್ಮೊಮ್ಮೆ ಆರು ವಾರ. ಬೆಳೆದರೆ ಇಬ್ಬನಿ ಹನಿಯಂಥ ಸಣ್ಣ ಚುಕ್ಕೆ. ರೋಗಿಗೆ ಇದನ್ನು ಹೇಳುವ ಹೊತ್ತಿಗೆ ಅವನು ಊರು ಸೇರಿರುತ್ತಿದ್ದ. ಈ ಜೀವಾಣು ಬಿಳಿ ರಕ್ತಕಣದ ಒಳಗೆ ಅಡಗಿ ಕೂರುತ್ತದೆ. ಮೊದಲೇ ಕಣ ಒಡೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳಕ್ಕೆ ಇಳಿದದ್ದನ್ನು ಬೆಳೆಸಿದರೆ ಬೇಗ ಸಿಗುತ್ತದೆ ಎಂದು ಮಂಟೂರ ಮತ್ತು ಮಂಗಲಗಿ 2004ರಲ್ಲಿ ಕಾಸ್ಟನೇಡಾದ ಜೊತೆ ಹೋಲಿಸಿ ತೋರಿಸಿದರು. ಬಸ್ಸಿನಲ್ಲಿ ನಾನು ಒಡೆದ ಕಣಗಳ ನೆನಪಾಗಿ ಆ ಲೇಖನ ಓದುತ್ತ ನಕ್ಕಿದ್ದೆ. ಅವರು ಬೇಕೆಂದು ಒಡೆದಿದ್ದರು.

ಈಗ ಐಸ್‌ಕ್ಯಾಂಡಿ ಬೇಕಾಗಿಲ್ಲ. ಬೆಳಗಾವಿಯಲ್ಲೇ 2006ರಿಂದ ಐಸಿಎಂಆರ್ ಸಂಸ್ಥೆ ಇದೆ, 2020ರಲ್ಲಿ ಕೋವಿಡ್ ಪರೀಕ್ಷೆ ಅಲ್ಲಿಯೂ ನಡೆಯಿತು. ಅಥಣಿ ತಾಲ್ಲೂಕಿನ ಕೊಕಟನೂರಿಗೆ ಪಶುವೈದ್ಯಕೀಯ ಕಾಲೇಜು ಬಂದಿದೆ. 2019ರ ಸೆಪ್ಟೆಂಬರಿನಿಂದ ಕೇಂದ್ರದ ಯೋಜನೆಯಲ್ಲಿ ಕಾಲುಬಾಯಿ ಬೇನೆಯ ಜೊತೆ ಬ್ರುಸೆಲ್ಲಾಕ್ಕೂ ಲಸಿಕೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಒಂದೇ ಸಲ, ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ. ಲಸಿಕೆಯಲ್ಲಿರುವುದು ಜೀವಂತ ಜೀವಾಣು. ಕರು ಒದ್ದು ಸೂಜಿ ಡಾಕ್ಟರರ ಬೆರಳಿಗೆ ಚುಚ್ಚಿದರೆ ಅವರಿಗೂ ರೋಗ ಬರಬಹುದು. ಮನುಷ್ಯರಿಗೆ ಇದರ ಲಸಿಕೆ ಇಲ್ಲ.

ತಂಗಿಯ ಮೊಮ್ಮಗಳು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳ ದಾರಿ ಪಿಯುಸಿ ಮುಗಿದ ದಿನವೇ ಕವಲೊಡೆದಿತ್ತು. ನೀಟ್‌ನಲ್ಲಿ ರ್‍ಯಾಂಕ್ ಬಂದರೆ ಮನುಷ್ಯರು, ಸಿಇಟಿಯಲ್ಲಿ ರೈತರ ಕೋಟಾ ಹಿಡಿದರೆ ದನ, ಎರಡೂ ತಪ್ಪಿದರೆ ಬಿ.ಎಸ್ಸಿ. ಎಂ.ಎಸ್ಸಿ., ಪಿಎಚ್.ಡಿ. ಮಾಡಿದವರು ವೈದ್ಯಕೀಯ ಕಾಲೇಜಿನ ಈ ವಿಭಾಗದಲ್ಲಿ ಪಾಠ ಮಾಡುವ ಬಾಗಿಲು 2020ರ ನಿಯಮದಲ್ಲಿ ಮುಚ್ಚಿತ್ತು, 2025ರಲ್ಲಿ ಮತ್ತೆ ತೆರೆದಿದೆ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಅದು ಮುಗಿದ ಮೇಲೆ ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಜಿಗಿತ. ನನ್ನದು ಸಣ್ಣ ನೌಕರಿ, ಆದರೆ ಕಾಯಂ. ಅವಳದು ದೊಡ್ಡ ಓದು, ವರ್ಷಕ್ಕೊಮ್ಮೆ ನವೀಕರಣ. “ಅಜ್ಜಾ, ನೀ ಪಿಸಿಆರ್ ಮಾಡೀಯೇನ?” ಎಂದು ಕೇಳಿದಳು. ಮಾಡಿಲ್ಲ. “ನೀ ಕಾಸ್ಟನೇಡಾ ನೋಡೀಯೇನ?” ಅಂದೆ. ಅವಳು ನೋಡಿಲ್ಲ.

ಹೋದ ತಿಂಗಳು ಊರಲ್ಲಿ ಪಕ್ಕದ ಮನೆಯ ಎಮ್ಮೆ ಕಂದು ಹಾಕಿತು. ಡಾಕ್ಟರರು ಬರುವಷ್ಟರಲ್ಲಿ ಮನೆಯ ಹುಡುಗ ಬರಿಗೈ ಹಾಕಿ ಮಾಸು ತೆಗೆದಾಗಿತ್ತು. ಡಾಕ್ಟರರು ಭುಜದ ತನಕದ ಪ್ಲಾಸ್ಟಿಕ್ ಗವಸು ತೊಟ್ಟು ಒಳಗೆ ನೋಡಿ, ರಕ್ತ ತೆಗೆದು, ಕೊಳವೆಯ ಮೇಲೆ ಬಿಲ್ಲೆಯ ನಂಬರು ಬರೆದುಕೊಂಡರು.

“ಈ ಹುಡುಗನ ರಕ್ತಾನೂ ನೋಡಬೇಕಲ್ರೀ?” ಅಂದೆ.

“ನೋಡಬೇಕ್ರೀ ಸರ. ಆದರ ಮನಷ್ಯಾರದು ನಮ್ಮ ಕಡೆ ಬರೂದಿಲ್ಲ.”

ಎಮ್ಮೆಯ ರಿಪೋರ್ಟು ಅವನ ವಾಟ್ಸಾಪಿಗೇ ಬಂತು, ಪಾಸಿಟಿವ್. ಬೆಳಗಾವಿಗೆ ಹೋಗಿ ರಕ್ತ ಕೊಟ್ಟು ಬಾ ಎಂದು ಎರಡು ಸಲ ಹೇಳಿದ್ದೇನೆ. ಕಬ್ಬಿನ ಗ್ಯಾಂಗು ಹೊಲದಲ್ಲಿ ಇಳಿದಿದೆ, ಫ್ಯಾಕ್ಟರಿಯ ಪಾಳಿ ತಪ್ಪಿದರೆ ಕಬ್ಬು ಒಣಗುತ್ತದೆ, ಅದು ಮುಗಿದ ಮೇಲೆ ಹೋಗುತ್ತಾನಂತೆ.