ಅಣಬೆ ಹಾಡುವ ಕಾಡಿನಲ್ಲಿ

‘ತಾತ, ಇಲ್ಲಿ ಕಿವಿ ಇಡು!’

ಆರು ವರ್ಷದ ಮೊಮ್ಮಗನ ಅಪ್ಪಣೆ. ಕಾಲುದಾರಿಯ ಪಕ್ಕದಲ್ಲಿ ಬಿಳಿ ಚುಕ್ಕೆಗಳ ದೊಡ್ಡ ಕೆಂಪು ಅಣಬೆ. ಮಂಡಿನೋವು ಮರೆತು ಬಗ್ಗಿದೆ. ಒಳಗಿನಿಂದ ಕಿಣಿಕಿಣಿ ಸಂಗೀತ! ಬೆಂಗಳೂರಿನಲ್ಲಿ ಯಾರಾದರೂ ನನ್ನನ್ನು ಈ ಸ್ಥಿತಿಯಲ್ಲಿ ನೋಡಿದ್ದರೆ ಮನೆಯವರಿಗೆ ಫೋನ್ ಮಾಡುತ್ತಿದ್ದರು. ಇಲ್ಲಿ ಯಾರೂ ತಿರುಗಿಯೂ ನೋಡಲಿಲ್ಲ. ಪಕ್ಕದ ಅಣಬೆಗೆ ನನ್ನಷ್ಟೇ ವಯಸ್ಸಿನ ಡಚ್ ಅಜ್ಜಿಯೊಬ್ಬರು ಕಿವಿಗೊಟ್ಟು ನಿಂತಿದ್ದರು.

ಇದು ನೆದರ್ಲೆಂಡ್ಸ್‌ನ ಎಫ್ಟೆಲಿಂಗ್ ಉದ್ಯಾನ. ಮಗಳು, ಅಳಿಯ ಕೆಲಸದಲ್ಲಿರುವ ಐಂಡ್‌ಹೋವನ್‌ನಿಂದ ಕಾರಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ದಾರಿ. ಕಾರಿಲ್ಲದವರಿಗೆ ಟಿಲ್ಬರ್ಗ್ ರೈಲು ನಿಲ್ದಾಣದಿಂದ ಬಸ್ಸುಗಳಿವೆ. ಎದೆ ಝಲ್ಲೆನಿಸುವ ರೋಲರ್ ಕೋಸ್ಟರ್‌ಗಳೂ ಇಲ್ಲಿ ಬೇಕಾದಷ್ಟಿವೆ. ಅಳಿಯ ಆ ಕಡೆ ಹೋದರು. ನಾನು, ಮಗಳು, ಮೊಮ್ಮಗ ಹಿಡಿದದ್ದು ‘ಕಥೆಗಳ ಕಾಡಿ’ನ ದಾರಿ.

ಈ ಕಾಡು ತೆರೆದದ್ದು 1952ರಲ್ಲಿ, ಹತ್ತು ಕಥೆಗಳೊಂದಿಗೆ. ಅಮೆರಿಕದ ಡಿಸ್ನಿಲ್ಯಾಂಡ್ ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ! ಚಿತ್ರಗಾರ ಆಂಟನ್ ಪೀಕ್ ಇದರ ರೂಪ ಬರೆದರೆ, ಪೀಟರ್ ರೈಂಡರ್ಸ್ ಗೊಂಬೆಗಳಿಗೆ ಚಲನೆ, ದನಿ, ಬೆಳಕು ಕೊಟ್ಟರು. ರಟ್ಟು, ಗಾರೆಯ ತೋರಿಕೆಯ ಕೆಲಸ ಪೀಕ್‌ಗೆ ಹಿಡಿಸುತ್ತಿರಲಿಲ್ಲವಂತೆ. ಇಟ್ಟಿಗೆ ಇದ್ದರೆ ನಿಜವಾದ ಇಟ್ಟಿಗೆಯೇ ಆಗಬೇಕು. ಹಾಗಾಗಿ ಇಲ್ಲಿನ ಪುಟ್ಟ ಮನೆಗಳು ಹಳೆಯದಾದಷ್ಟೂ ಚೆಂದವಾಗಿವೆ. ಹೆಂಚಿನ ಮೇಲೆ ಪಾಚಿ, ಗೋಡೆಗೆ ಬಳ್ಳಿ, ಮೇಲೆ ಎತ್ತರದ ಮರಗಳ ನೆರಳು.

ಈಗ ಸುಮಾರು ಮೂವತ್ತು ಕಥೆಗಳಿವೆ. ಒಂದೆಡೆ ಉದ್ದ ಕತ್ತಿನ ಮನುಷ್ಯ ಕುಳಿತಿದ್ದಾನೆ. ನೋಡುತ್ತಿದ್ದಂತೆ ಅವನ ಕತ್ತು ಮೇಲೇರಿ, ಮೇಲೇರಿ ಮರದ ಕೊಂಬೆಗಳ ಹತ್ತಿರಕ್ಕೆ ಹೋಗುತ್ತದೆ. ಇನ್ನೊಂದೆಡೆ ಕೋಟೆಯೊಳಗೆ ನಿದ್ರಿಸುವ ರಾಜಕುಮಾರಿ. ಉಸಿರಾಡಿದಂತೆ ಅವಳ ಎದೆ ಮೆಲ್ಲನೆ ಏರಿಳಿಯುತ್ತದೆ. ಗದ್ದಲದ ಮಕ್ಕಳೂ ಅಲ್ಲಿ ಪಿಸುಮಾತಿಗೆ ಇಳಿಯುತ್ತಾರೆ.

ಇವರೆಲ್ಲರಿಗಿಂತ ಜನಪ್ರಿಯನಾದವನು ಒಬ್ಬ ಹೊಟ್ಟೆಬಾಕ. ಹೆಸರು ಹಾಲೆ ಬಾಲೆ ಖೈಸ್. ಅವನು ನಿಜಕ್ಕೂ ಕಸದ ತೊಟ್ಟಿ. ‘ಪಾಪೀರ್ ಹೀರ್’, ಅಂದರೆ ‘ಕಾಗದ ಇಲ್ಲಿ ಹಾಕಿ’ ಎಂದು ಕೂಗುತ್ತಾನೆ. ಬಾಯಿಯ ಹತ್ತಿರ ಕಾಗದ ಹಿಡಿದರೆ ಸೊರ್ರೆಂದು ಎಳೆದುಕೊಂಡು ‘ಥ್ಯಾಂಕ್ಸ್’ ಹೇಳುತ್ತಾನೆ. ಮೊಮ್ಮಗ ತನ್ನ ಬಿಸ್ಕತ್ತಿನ ಪೊಟ್ಟಣ ತಿನ್ನಿಸಿದ. ಸಾಲದೆಂದು ನೆಲದಲ್ಲಿ ಬಿದ್ದ ಬೇರೆಯವರ ಕಾಗದ ಹುಡುಕತೊಡಗಿದ. ನಮ್ಮ ಕಬ್ಬನ್ ಪಾರ್ಕಿಗೆ ಇಂಥ ನಾಲ್ವರು ಹೊಟ್ಟೆಬಾಕರು ಬೇಕು.

ಏಳು ಮೇಕೆಮರಿಗಳ ಮನೆಯ ಮುಂದೆ ನಿಂತಾಗ ನನಗೆ ಪೇಚಾಯಿತು. ಬಾಗಿಲಲ್ಲಿ ತೋಳ ಡಚ್ಚಿನಲ್ಲಿ ಏನೋ ಹೇಳುತ್ತಿತ್ತು. ಮೊಮ್ಮಗನೇ ನನ್ನ ದುಭಾಷಿ: ‘ನಾನು ಅಮ್ಮ ಅಂತ ತೋಳ ಸುಳ್ಳು ಹೇಳ್ತಿದೆ ತಾತ.’ ಅಷ್ಟು ಕನ್ನಡ ಹೇಳುವುದಕ್ಕೇ ಅವನು ಎರಡು ಸಲ ಅಮ್ಮನ ಮುಖ ನೋಡಿದ. ಶಾಲೆ, ಆಟ, ಜಗಳ ಎಲ್ಲವೂ ಡಚ್. ಕನ್ನಡ ಊಟಕ್ಕೆ ಮತ್ತು ನಿದ್ದೆಗೆ ಮಾತ್ರ.

ಮುಂದೆ ಸಿಕ್ಕಿದ್ದು ‘ಇಂಡಿಯಾದ ನೈದಿಲೆಗಳು’. ಬೆಲ್ಜಿಯಂನ ರಾಣಿ ಫಾಬಿಯೋಲಾ ಬರೆದ ಕಥೆ ಇದಕ್ಕೆ ಆಧಾರ. 1966ರಿಂದ ಇದೆ. ಕತ್ತಲ ಗುಹೆಯಲ್ಲಿ ಕೊಳ. ಮಾಟಗಾತಿಯ ಶಾಪಕ್ಕೆ ನೈದಿಲೆಗಳಾದ ಕನ್ಯೆಯರು ಹೂವು ಅರಳಿದಾಗ ಎದ್ದು ಕುಣಿಯುತ್ತಾರೆ. ಕಪ್ಪೆಗಳು ವಾದ್ಯ ನುಡಿಸುತ್ತವೆ. ನೋಡಲು ಸೊಗಸು, ಆದರೆ ಹೆಸರು ಬಿಟ್ಟರೆ ನಮ್ಮದೆನ್ನಿಸುವ ಗುರುತು ನನಗೆ ಒಂದೂ ಸಿಗಲಿಲ್ಲ.

ಹೊರಗೆ ಬಂದಾಗ ಹುಡುಗ ಕೇಳಿದ: ‘ಇದು ನಿಮ್ಮ ದೇಶದ ಕಥೇನಾ?’

‘ನಿಮ್ಮ ದೇಶ’ ಎಂದದ್ದು ಚುಚ್ಚಿತು. ತಪ್ಪು ಅವನದಲ್ಲ. ಬಂದು ಮೂರು ವಾರವಾಗಿತ್ತು. ಅವನಿಗೆ ಚಕ್ಕುಲಿ ಕೊಟ್ಟಿದ್ದೆ, ಅಂಗಿ ಕೊಟ್ಟಿದ್ದೆ, ಒಂದು ಕಥೆ ಹೇಳಿರಲಿಲ್ಲ.

‘ಅಲ್ಲ ಪುಟ್ಟ. ನಮ್ಮ ಕಥೆ ಬೇರೆ ಇದೆ’ ಎಂದೆ. ‘ಹೇಳು’ ಎಂದ. ಬೆಂಚಿನ ಮೇಲೆ ಕುಳಿತು ಪುಣ್ಯಕೋಟಿಯ ಕಥೆ ಶುರು ಮಾಡಿದೆ. ತೋಳ ನೋಡಿ ಬಂದಿದ್ದರಿಂದ ಹುಲಿ ಸುಲಭವಾಗಿ ಅರ್ಥವಾಯಿತು. ಕರುವಿಗೆ ಹಾಲು ಕೊಟ್ಟ ಹಸು ಹುಲಿಯ ಬಳಿಗೆ ವಾಪಸ್ ಹೊರಟಾಗ ಹುಡುಗ ತಡೆದ.

‘ಯಾಕೆ ಹೋಗ್ಬೇಕು?’

‘ಮಾತು ಕೊಟ್ಟಿತ್ತಲ್ಲ.’

‘ಮಾತು ಹೇಗೆ ಕೊಡೋದು?’

ಮಗಳು ಡಚ್ಚಿನಲ್ಲಿ ಹೇಳಲು ಬಾಯಿ ತೆರೆದಳು. ನಾನು ಕೈ ಅಡ್ಡ ಮಾಡಿ, ಅವನ ಅಂಗೈ ಮೇಲೆ ನನ್ನ ಅಂಗೈ ಇಟ್ಟೆ. ‘ನಾಳೆ ರಾತ್ರಿ ಇನ್ನೊಂದು ಕಥೆ ಹೇಳ್ತೀನಿ. ಇದೇ ಮಾತು ಕೊಡೋದು. ಹೇಳದೇ ಇದ್ದರೆ ತಪ್ಪು.’ ಅವನು ಕೈಯನ್ನೇ ನೋಡಿದ. ಆಮೇಲೆ, ‘ಹಾಗಾದ್ರೆ ಹಸು ಹೋಗ್ಲೇಬೇಕು’ ಎಂದ.

ಸಂಜೆ ಹಿಂತಿರುಗುವಾಗ ಕಾರಿನಲ್ಲಿ ಅಪ್ಪನಿಗೆ ಅವನೇ ಕಥೆ ಹೇಳಿದ. ಅವನ ಕಥೆಯಲ್ಲಿ ಹುಲಿ ಡಚ್ಚಿನಲ್ಲಿ ಗರ್ಜಿಸಿತು. ಹಸು ಮಾತ್ರ ಕನ್ನಡದಲ್ಲೇ ಉತ್ತರ ಕೊಟ್ಟಿತು.