ಸಾಫ್ಟ್‌ವೇರ್‌ಗೆ ಗೊತ್ತಿಲ್ಲದ ಬೋರ್‌ವೆಲ್‌ಗಳು

ನೀರಿಗೂ ಸಾಫ್ಟ್‌ವೇರ್ ಇದೆ ಅಂದ್ರೆ ಆಫೀಸಲ್ಲಿ, “ಟ್ಯಾಂಕರ್ ಬುಕ್ ಮಾಡೋ ಆ್ಯಪ್ ತಾನೇ?” ಅಂತಾರೆ. ಅದಲ್ಲ ಸ್ವಾಮಿ. ಮಳೆ ಬಿದ್ದರೆ ಹಳ್ಳದಲ್ಲಿ ಎಷ್ಟು ನೀರು ಹರಿಯುತ್ತೆ ಅಂತ ಲೆಕ್ಕ ಹಾಕೋಕೆ ಹೆಕ್-ಎಚ್‌ಎಂಎಸ್ ಇದೆ, ಅಮೆರಿಕದ ಸೇನೆಯ ಎಂಜಿನಿಯರುಗಳು ಮಾಡಿದ್ದು. ಅಂತರ್ಜಲಕ್ಕೆ ಮಾಡ್‌ಫ್ಲೋ, ಊರಿನ ಪೈಪ್‌ಲೈನಿಗೆ ಎಪಾನೆಟ್. ಎಲ್ಲವೂ ಫ್ರೀ. ಲ್ಯಾಪ್‌ಟಾಪ್ ಇದ್ದರೆ ಸಾಕು.

ನನ್ನ ಕೆಲಸ ಬ್ಯಾಂಕಿಂಗ್ ಸಾಫ್ಟ್‌ವೇರಿನದು. ಆದರೆ ಬೆಳೆದದ್ದು ದೊಡ್ಡಬಳ್ಳಾಪುರದ ಕಡೆ. ನಂದಿಬೆಟ್ಟದಲ್ಲಿ ಹುಟ್ಟಿ ಕೆರೆಯಿಂದ ಕೆರೆಗೆ ಇಳಿಯೋ ಅರ್ಕಾವತಿ ನಮ್ಮ ನದಿ. ಮೊದಲು ಹೆಸರಘಟ್ಟ, 1933ರ ನಂತರ ತಿಪ್ಪಗೊಂಡನಹಳ್ಳಿ ಜಲಾಶಯದ ಮೂಲಕ ಬೆಂಗಳೂರಿಗೆ ಕುಡಿಯೋ ನೀರು ಕೊಟ್ಟ ನದಿ. ಈಗ ನಮ್ಮೂರ ಹತ್ತಿರ, ಇದು ನದಿ ಅಂತ ಯಾರಾದರೂ ಹೇಳಿದರಷ್ಟೇ ಗೊತ್ತಾಗೋದು.

ಕೆಲವು ಶನಿವಾರ ಕೂತು ನಮ್ಮ ಸೀಮೆಯನ್ನು ಹೆಕ್-ಎಚ್‌ಎಂಎಸ್‌ಗೆ ಹಾಕಿದೆ. ನೆಲದ ಏರಿಳಿತ, ಮಣ್ಣು, ಮಳೆ ಎಲ್ಲ ಕೊಡಬೇಕು. ಪ್ರತಿ ತುಂಡು ನೆಲಕ್ಕೂ ಕರ್ವ್ ನಂಬರ್ ಅಂತ ಒಂದು ಅಂಕಿ. 100 ಅಂದರೆ ಬಿದ್ದ ಮಳೆಯೆಲ್ಲ ಹರಿದುಹೋಯ್ತು ಅಂತ. ಅಂಕಿ ಇಳಿದಷ್ಟೂ ನೆಲ ಹೆಚ್ಚು ಕುಡೀತು ಅಂತ. ಮೊದಲ ಸಲ ಬೇಕಂತಲೇ ಬೋರ್‌ವೆಲ್‌ಗಳನ್ನು ಬಿಟ್ಟು ಓಡಿಸಿದೆ. ಮಳೆ ನಿಂತ ಮೇಲೂ ಪರದೆಯ ಮೇಲಿನ ಹಳ್ಳ ಸಣ್ಣಗೆ ಹರೀತಾನೇ ಇತ್ತು. ನೆಲ ಕುಡಿದ ನೀರು ನಿಧಾನವಾಗಿ ಒಸರಿ ಹಳ್ಳಕ್ಕೆ ಬರೋ ಈ ಹರಿವಿಗೆ ಬೇಸ್‌ಫ್ಲೋ ಅಂತಾರೆ. ನಮ್ಮಜ್ಜಿ ಬೇಸಿಗೆಯಲ್ಲಿ ಹಳ್ಳದ ಮರಳು ತೋಡಿ ಚೊಂಬು ತುಂಬಿಸ್ತಿದ್ದ ಒರತೆಯೂ ಇದೇ ನೀರು. ಅಂದರೆ ಪರದೆ ತೋರಿಸ್ತಿದ್ದದ್ದು ಅಜ್ಜಿಯ ಕಾಲದ ನದಿ.

ಅರ್ಕಾವತಿ ಯಾಕೆ ಬತ್ತಿತು ಅಂತ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತು ಜೊತೆಗಾರರು ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯ್ತು. ಮಳೆ ಕಮ್ಮಿಯಾಗಿದ್ದು ಕಾರಣ ಅಲ್ಲ, ಬಿಸಿಲು ಹೆಚ್ಚಿದ್ದೂ ಮುಖ್ಯ ಕಾರಣ ಅಲ್ಲ ಅಂದರು. ಬೆರಳು ತೋರಿಸಿದ್ದು ಮುಖ್ಯವಾಗಿ ಬೋರ್‌ವೆಲ್‌ಗಳ ಕಡೆಗೆ, ನೀಲಗಿರಿ ತೋಪುಗಳ ಕಡೆಗೆ. ಅಂತರ್ಜಲ ಹಳ್ಳದ ತಳಕ್ಕಿಂತ ಎಷ್ಟೋ ಕೆಳಗೆ ಇಳಿದ ಮೇಲೆ ಒರತೆ ಎಲ್ಲಿಂದ ಬರಬೇಕು?

ನಾವು ಎತ್ತೋ ನೀರನ್ನು ಕಳೆಯೋಕೆ ಸಾಫ್ಟ್‌ವೇರ್‌ಗಳಿಗೆ ಬರುತ್ತೆ. ಎಷ್ಟು ಎತ್ತುತ್ತೀವಿ ಅಂತ ಹೇಳಬೇಕಷ್ಟೆ. ಆ ಅಂಕಿಯೇ ಇಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಫ್ರೀ, ಬಹಳಷ್ಟಕ್ಕೆ ಮೀಟರೂ ಇಲ್ಲ.

ನಮ್ಮದೇ ಹೊಲದಲ್ಲಿ ಮೂರು ಬೋರ್. ಮೊದಲನೆಯದು 300 ಅಡಿ, ಕೊನೆಯದು 1,000 ದಾಟಿತು. ನಾಲ್ಕನೆಯದಕ್ಕೆ ಅಪ್ಪ ಸಾಲ ತೆಗೆಯೋ ಯೋಚನೆಯಲ್ಲಿದ್ದಾರೆ. “ಎಲ್ಲಿ ಕೊರೆಸಿದ್ರೆ ನೀರು ಬೀಳ್ತದೆ ಅಂತ ನಿನ್ನ ಕಂಪ್ಯೂಟ್ರು ಹೇಳ್ತದೇನಪ್ಪ?” ಅಂತ ಕೇಳಿದರು. ಇಲ್ಲ ಅಂದೆ. ನಮ್ಮದು ಕಲ್ಲುನೆಲ, ನೀರಿರೋದು ಬಿರುಕುಗಳಲ್ಲಿ. ಯಾವ ಬಿರುಕಲ್ಲಿ ಅಂತ ಈ ಲೆಕ್ಕ ಹೇಳಲ್ಲ.

“ಮತ್ತೆ ಯಾತಕ್ಕೆ ಅದು?”

“ಇಡೀ ಊರು ವರ್ಷಕ್ಕೆ ಎಷ್ಟು ಎತ್ತಬಹುದು ಅಂತ ಅಂದಾಜು ಹೇಳ್ತದೆ ಅಪ್ಪ.”

“ಊರೋರು ಒಪ್ಬೇಕಲ್ಲ,” ಅಂದರು.

ಅಸಲು ಸಮಸ್ಯೆ ಅದೇ. ನಾವೊಬ್ಬರೇ ಕೊರೆಸೋದು ಬಿಟ್ಟರೆ ಉಳಿದ ನೀರು ಪಕ್ಕದ ಹೊಲದವರ ಪಂಪಿಗೆ ಹೋಗುತ್ತೆ. ಹಾಗಂತ ಎಲ್ಲರೂ ಕೊರೆಸ್ತಾ ಹೋದರೆ ಎಲ್ಲರದ್ದೂ ಸಾಲ.

ಸದ್ಯ ಊರಿಗೆ ಹೋದಾಗಲೆಲ್ಲ ಒಂದು ನೋಟ್‌ಬುಕ್ ಹಿಡಿದು ಮನೆ ಮನೆ ತಿರುಗ್ತೀನಿ: ಯಾರ ಬೋರು, ಯಾವ ವರ್ಷ, ಎಷ್ಟು ಅಡಿ, ದಿನಕ್ಕೆ ಎಷ್ಟು ಗಂಟೆ ಮೋಟರ್. ಊರು ಬಿಟ್ಟು ಬಂದು ಎಕ್ಸೆಲ್ ಹಿಡಿದಿರೋ ನಾವು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಬತ್ತಿದ ಬೋರಿನ ಕಥೆಯನ್ನು ಜನ ಕಾಫಿ ಕೊಟ್ಟು ಹೇಳ್ತಾರೆ. ನೀರಿರೋ ಬೋರಲ್ಲಿ ಎಷ್ಟು ಇಂಚು ಅಂತ ಮಾತ್ರ ಯಾರೂ ಬಾಯಿ ಬಿಡಲ್ಲ. ಅಲ್ಲೆಲ್ಲ ಅಪ್ಪನೇ ಮುಂದೆ ಬಂದು ಮಾತಾಡಿಸ್ತಾರೆ. ನಾಲ್ಕನೇ ಬೋರಿನ ಆಸೆಯನ್ನು ಅವರು ಇನ್ನೂ ಬಿಟ್ಟಿಲ್ಲ. ಪಟ್ಟಿ ಮುಗಿಯೋವರೆಗೂ ತಡೀತೀನಿ ಅಂದಿದ್ದಾರೆ.